ಷನ್ ಬೆಂಚಿನ ಗೈರುಹಾಜರಿ

ಲೋಕದಲ್ಲಿ ಒಬ್ಬೊಬ್ಬರಿಗೆ ಒಂದೊಂದರ ಭಯ. ನಮ್ಮ ಅತ್ತೆ ಊರಿಗೆಲ್ಲ ಜೋರು, ಆದರೆ ಅಡಿಗೆಮನೆಯಲ್ಲಿ ಹಲ್ಲಿ ಕಂಡರೆ ಸೌಟು ಅಲ್ಲೇ ಬಿಟ್ಟು ಜಗಲಿಗೆ ಬಂದು ಕೂರುತ್ತಿದ್ದರು. ನಮ್ಮವರು ಸೂಜಿ ಚುಚ್ಚುವ ಡಾಕ್ಟರನ್ನು ಕಂಡರೆ ಬೀದಿಯ ಆ ಮಗ್ಗುಲಿಗೆ ದಾಟಿಬಿಡುತ್ತಿದ್ದರು. ನನಗೆ ಹಲ್ಲಿಯೂ ಅಷ್ಟೆ, ಸೂಜಿಯೂ ಅಷ್ಟೆ. ಉದ್ದನೆಯ ಇಂಗ್ಲಿಷ್ ಪದವೊಂದು ಸಾಲಿನ ತುದಿಯಲ್ಲಿ ಕಾಣಿಸಿಕೊಂಡರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ. ಅದರ ಅರ್ಥಕ್ಕೆ ನಾನು ಹೆದರುವವಳಲ್ಲ, ಅರ್ಥ ಏನಾದರೂ ಇದ್ದುಕೊಳ್ಳಲಿ. ನನಗೆ ಭಯ ಅದರ ಉದ್ದದ್ದು. ಬಾಯಿ ತೆರೆದು ಶುರು ಮಾಡಿದ ಮೇಲೆ ಉಸಿರು ಸಾಲದೆ ನಡುವೆ ನಿಂತುಬಿಟ್ಟರೆ ಎದುರಿಗಿದ್ದವರು ಏನೆಂದುಕೊಂಡಾರು? ಇಂಥ ನನ್ನನ್ನೇ ಹುಡುಕಿ ಇಂಗ್ಲಿಷ್ ಹೇಳಿಕೊಡುವ ಕೆಲಸಕ್ಕೆ ಹಾಕಿದರು ನೋಡಿ, ಅದಕ್ಕೆ ಏನೆನ್ನಬೇಕು!

ಈ ಭಯ ನನ್ನ ಮದುವೆಯನ್ನೇ ತಪ್ಪಿಸುವುದರಲ್ಲಿತ್ತು. ಚನ್ನರಾಯಪಟ್ಟಣದ ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದಾಗ, ಗಂಡಿನ ಸೋದರಮಾವ ಕಂಕುಳಲ್ಲಿದ್ದ ಇಂಗ್ಲಿಷ್ ಪೇಪರು ತೆಗೆದು, "ಹುಡುಗಿ ಎಸ್ಸೆಸೆಲ್ಸಿ ಅಂತೀರಿ, ಎಲ್ಲಿ ನಾಲ್ಕು ಸಾಲು ಓದಮ್ಮ" ಎಂದರು. ಎರಡು ಸಾಲು ಸಲೀಸಾಗಿ ಹೋಯಿತು. ಮೂರನೆಯದರಲ್ಲಿ 'ಅಡ್ಮಿನಿಸ್ಟ್ರೇಷನ್' ಕಾಲು ಚಾಚಿಕೊಂಡು ಮಲಗಿತ್ತು. ನನಗೆ ಕೆಮ್ಮು ಬಂತು. ಬೇಕೆಂದೇ ಬರಿಸಿಕೊಂಡದ್ದಲ್ಲ, ದೇವರಾಣೆ ತಾನಾಗಿಯೇ ಬಂತು. ನೀರು ತಂದುಕೊಟ್ಟರು, ಕುಡಿದೆ, ಮುಂದಿನ ಸಾಲಿನಿಂದ ಓದಿದೆ. "ಓದು ಪರವಾಗಿಲ್ಲ, ಎದೆ ಸ್ವಲ್ಪ ವೀಕು" ಎಂದು ತೀರ್ಮಾನವಾಯಿತು. ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದ ಹೊಸದರಲ್ಲಿ ನಮ್ಮ ಅತ್ತೆ ದಿನಾ ಬೆಳಿಗ್ಗೆ ನನಗೆ ಮೆಣಸಿನ ಕಷಾಯ ಕುಡಿಸುತ್ತಿದ್ದರು. ಆ ಖಾರ ಯಾವ ಪದದ್ದು ಎಂದು ಅವರಿಗೆ ಹೇಗೆ ಹೇಳಲಿ?

ನಮ್ಮವರಿಗೆ ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ. ಬೆಳಿಗ್ಗೆ ರೈಲಿಗೆ ಹೋದರೆ ಸಂಜೆ ರೈಲಿಗೆ ಬರುವುದು. ಅತ್ತೆ ವಾರದಲ್ಲಿ ಮೂರು ನಾಲ್ಕು ದಿನ ಹರದನಹಳ್ಳಿ ಕಡೆಯ ಹೊಲದಲ್ಲಿ. ಮನೆಯಲ್ಲಿ ನಾನು ಮತ್ತು ಹಲ್ಲಿ ಇಬ್ಬರೇ. ಅಷ್ಟರಲ್ಲಿ ಹೆಣ್ಣುಮಕ್ಕಳ ಮಿಡ್ಲ್‌ಸ್ಕೂಲಿನಲ್ಲಿ ಮೇಡಂ ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ಐವತ್ತರ ದಶಕದ ಕೊನೆ ಅದು, ಓದಿದ ಹೆಂಗಸರು ಸಿಕ್ಕುವುದೇ ಕಷ್ಟ. ನಮ್ಮವರು ಅರ್ಜಿ ಹಾಕಿಸಿದರು, ಕೆಲಸ ಸಿಕ್ಕಿತು. ಅತ್ತೆ ಒಂದು ಕರಾರಿನ ಮೇಲೆ ಒಪ್ಪಿದರು. "ಮದ್ಯಾನ ಮನೇಗ್ ಬಂದು ಉಂಡೋಗೋ ಅಂಗಿದ್ರೆ ಮಾಡು. ಬ್ಯಾರೆ ಊರು, ಬಾಡಿಗೆ ಮನೆ, ಅದೆಲ್ಲ ನಮ್ಮನೇಲಿ ಆಗಾಕಿಲ್ಲ ಕಣಮ್ಮಿ. ಅಂತಾ ದಿನ ಬಂದ್ರೆ ಕೆಲ್ಸ ಬುಟ್ಬುಡೋದು" ಎಂದರು. ನಾನು ತಲೆಯಾಡಿಸಿದೆ.

ತಲೆಯಾಡಿಸುವಾಗ ಆ ಕೆಲಸವನ್ನು ಇಷ್ಟು ಹಚ್ಚಿಕೊಂಡುಬಿಡುತ್ತೇನೆಂದು ಗೊತ್ತಿರಲಿಲ್ಲ. ಬೀದಿಯಲ್ಲಿ ನಾನು ನಂಜಮ್ಮನ ಸೊಸೆ, ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರ ಹೆಂಡತಿ. ಸ್ಕೂಲಿನ ಹೊಸಿಲು ದಾಟಿದರೆ ಮಾತ್ರ ನನಗೆ ನನ್ನದೇ ಹೆಸರು. ಹುಡುಗಿಯರು ದೂರದಿಂದಲೇ "ಸರೋಜಾ ಮೇಡಂ ಬಂದ್ರು, ಸರೋಜಾ ಮೇಡಂ ಬಂದ್ರು" ಎಂದು ಓಡಿ ಹೋಗಿ ಕೂರುತ್ತಿದ್ದರು. ಅದನ್ನು ಕೇಳುವುದಕ್ಕೆ ನಾನು ಎಷ್ಟೋ ದಿನ ಬೇಕೆಂದೇ ನಿಧಾನವಾಗಿ ನಡೆದಿದ್ದೇನೆ.

ಆದರೆ ಪಾಠದ ಪುಸ್ತಕ ತೆರೆದರೆ ಅಲ್ಲಿಯೂ ಅವೇ ಕಾಲು ಚಾಚಿದ ಪದಗಳು. ಆ ವರ್ಷದ ಪುಸ್ತಕದಲ್ಲಿ ಹಳ್ಳಿಯ ಮೇಲೊಂದು ಪಾಠ. ಕಲ್ಟಿವೇಷನ್, ಇರ್ರಿಗೇಷನ್, ಪಾಪ್ಯುಲೇಷನ್, ಎಜುಕೇಷನ್. ಬರೆದ ಪುಣ್ಯಾತ್ಮ ಯಾವತ್ತಾದರೂ ಹಳ್ಳಿಯಲ್ಲಿ ಇದ್ದನೋ ಇಲ್ಲವೋ. ನನ್ನ ಹುಡುಗಿಯರು ಮೊದಲ ದಿನ ಆ ಪದಗಳನ್ನು ನೋಡಿ ನನ್ನ ಹಾಗೆಯೇ ಬೆಚ್ಚಿದರು, ಕೆಲವರಿಗೆ ಕೆಮ್ಮು ಬಂತು. ನನಗೆ ಕರುಳು ಚುರುಕ್ಕೆಂದಿತು. ಇಡೀ ಕಬ್ಬಿನ ಜಲ್ಲೆಯನ್ನು ಯಾರೂ ಬಾಯಿಗಿಡುವುದಿಲ್ಲವಲ್ಲ, ಗೆಣ್ಣು ನೋಡಿ ಮುರಿದು ಕೊಡೋಣ ಎನ್ನಿಸಿತು. ಬೋರ್ಡಿನ ಮೇಲೆ ಪದವನ್ನು ತುಂಡು ತುಂಡಾಗಿ ಬರೆದೆ. ಕ್ಲಾಸಿನಲ್ಲಿ ನಾಲ್ಕು ಬೆಂಚು ಇದ್ದವು. ಒಂದು ಬೆಂಚಿಗೆ ಒಂದು ತುಂಡು ಎಂದು ಹಂಚಿದೆ. ಮೊದಲನೆಯವರು 'ಕಲ್' ಎನ್ನಬೇಕು, ಎರಡನೆಯವರು 'ಟಿ', ಮೂರನೆಯವರು 'ವೇ', ಹಿಂದಿನವರು 'ಷನ್'. ಒಬ್ಬರ ಪಾಲಿಗೆ ಒಂದೇ ತುತ್ತು. ನಾನು ಮೇಜಿನ ಮೇಲೆ ಬೆತ್ತದಿಂದ ತಾಳ ಹಾಕುತ್ತಿದ್ದೆ. ಕೋಲಾಟದ ಹಾಗೆ ಪದ ಬೆಂಚಿನಿಂದ ಬೆಂಚಿಗೆ ದಾಟಿ ಗೋಡೆಗೆ ಹೋಗಿ ಬಡಿಯುತ್ತಿತ್ತು. ಹುಡುಗಿಯರ ಭಯ ಹೋಯಿತು. ನಿಜ ಹೇಳಬೇಕೆಂದರೆ ನನ್ನದೂ ಹೋಯಿತು, ಏಕೆಂದರೆ ನಾನು ಒಂದು ಪದವನ್ನೂ ಪೂರ್ತಿ ಹೇಳಬೇಕಾಗುತ್ತಿರಲಿಲ್ಲ.

ದಿನ ಕಳೆದಂತೆ ತುಂಡುಗಳ ಮೇಲೆ ಒಡೆತನ ಬಂದುಬಿಟ್ಟಿತು. ಪದದ ತಲೆಗೆ ಬರುವ ಇನ್, ಅನ್, ರಿ, ಕನ್ ಎಲ್ಲ ಮುಂದಿನ ಬೆಂಚಿನವು. ಅವರು ಪೇಟೆ ಬೀದಿಯ ಪುಟಾಣಿಗಳು, ಚುರುಕು. ಬಾಲಕ್ಕೆ ಬರುವ ಷನ್, ಮೆಂಟ್, ನೆಸ್ ಎಲ್ಲ ಹಿಂದಿನ ಬೆಂಚಿನ ಸ್ವತ್ತು. ಅಲ್ಲಿ ಕೂರುತ್ತಿದ್ದವರು ಹರದನಹಳ್ಳಿ ಕಡೆಯಿಂದ ನಡೆದು ಬರುವ ಎತ್ತರದ ಹುಡುಗಿಯರು, ಹೊಲದಲ್ಲಿ ಈ ತುದಿಯಿಂದ ಆ ತುದಿಗೆ ಕೂಗಿ ಮಾತಾಡಿ ಬೆಳೆದವರು. ಅವರ ಮುಂದಾಳು ಜಯಮ್ಮ 'ಷನ್' ಎಂದರೆ ಪಕ್ಕದ ಕ್ಲಾಸಿನಲ್ಲಿ ಮಗ್ಗಿ ಹೇಳುತ್ತಿದ್ದವರು ನಿಲ್ಲಿಸುತ್ತಿದ್ದರು. ಅವರಿಗೆ ಷನ್ ಬೆಂಚು ಎಂದೇ ಹೆಸರಾಯಿತು. ನಡುವಿನ ಎರಡು ಬೆಂಚಿನವರಿಗೆ ಮಾತ್ರ ದಿನಾ ಹೊಸ ತುಂಡು. "ನಮಗೇ ಯಾಕೆ ಮೇಡಂ ಗೊತ್ತುಗುರಿ ಇಲ್ಲದ್ದು" ಎಂದು ಅವರ ತಕರಾರು ತಪ್ಪುತ್ತಿರಲಿಲ್ಲ.

ಹೀಗೆ ಸುಖವಾಗಿದ್ದಾಗ ಒಂದು ದಿನ ದೊಡ್ಡ ಮೇಡಂ ರುಕ್ಮಿಣಮ್ಮನವರು ಕರೆಸಿದರು. ಇವರು ನಮ್ಮ ಹೆಡ್‌ಮಿಸ್ಟ್ರೆಸ್ಸು. ಒಳ್ಳೆಯವರೇ, ಆದರೆ ಒಳ್ಳೆಯ ಸುದ್ದಿಯನ್ನೂ ಸಾವಿನ ಮನೆಯ ದನಿಯಲ್ಲಿ ಹೇಳುವವರು. ಇದಂತೂ ಒಳ್ಳೆಯದೂ ಅಲ್ಲ. "ನೋಡಮ್ಮ ಸರೋಜಾ, ಹಾಸನದಿಂದ ಇನ್‌ಸ್ಪೆಕ್ಟರ್ ಬರ್ತಿದಾರೆ. ನಿನ್ನ ಪಾಠ ನೋಡ್ತಾರೆ. ಮನಸ್ಸಿಗೆ ಬಂದ್ರೆ ನಿಂಗೆ ಇಲ್ಲೇ ಕನ್‌ಫರ್ಮೇಷನ್. ಬರದಿದ್ರೆ ಮಲ್ಲಿಪಟ್ಟಣದಲ್ಲಿ ಒಂದು ಜಾಗ ಖಾಲಿ ಇದೆಯಂತೆ" ಎಂದರು. ಮಲ್ಲಿಪಟ್ಟಣವೆಂದರೆ ಅರಕಲಗೂಡು ದಾಟಿ ಹೋಗಬೇಕು. ಮಧ್ಯಾಹ್ನ ಮನೆಗೆ ಬಂದು ಉಂಡು ಹೋಗುವ ಊರಲ್ಲ. ಅಂದರೆ ಅತ್ತೆಯ ಕರಾರಿನ ಪ್ರಕಾರ ಕೆಲಸಕ್ಕೆ ಕೈ ಮುಗಿದು, ಹಲ್ಲಿಯ ಜೊತೆ ಮನೆಯಲ್ಲಿ ಇರುವುದು.

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ನಮ್ಮವರು ಸಮಾಧಾನ ಮಾಡಲು ಹೋಗಿ ಇನ್ನೊಂದು ಹುಳ ಬಿಟ್ಟರು. "ಎಲ್ಲ ಸರಿ, ಆ ಮನುಷ್ಯ ಒಬ್ಬಳನ್ನೇ ನಿಲ್ಲಿಸಿ ಓದು ಅಂದ್ರೆ?" ಎಂದರು. ಅಯ್ಯೋ, ಅದು ನನಗೆ ಹೊಳೆದೇ ಇರಲಿಲ್ಲ! ಮಾರನೆಯ ದಿನ ಹೋದವಳೇ ಮೂರನೆಯ ಬೆಂಚಿನ ಲಲಿತೆಯನ್ನು ಎಬ್ಬಿಸಿ 'ಪಾಪ್ಯುಲೇಷನ್' ತೋರಿಸಿದೆ. ಅವಳು ಎದ್ದು ನಿಂತು ಸುಮ್ಮನಿದ್ದಳು. "ಹೇಳಮ್ಮ" ಎಂದೆ. "ಇನ್ನೂ ನಮ್ಮ ಬೆಂಚು ಬಂದಿಲ್ಲ ಮೇಡಂ" ಎಂದಳು. ಮುಂದಿನವರು ತಡೆಯಲಾರದೆ 'ಪಾಪ್' ಎಂದರು, ಅವರ ಹಿಂದಿನವರು 'ಯು' ಎಂದರು, ಇವಳು 'ಲೇ' ಎಂದು ಹೇಳಿ ಕರ್ತವ್ಯ ಮುಗಿದವಳಂತೆ ಕೂತುಬಿಟ್ಟಳು. ಹಿಂದಿನಿಂದ 'ಷನ್' ಸಿಡಿಯಿತು. ಎಷ್ಟು ಗದರಿದರೂ ಅಷ್ಟೆ. ಅವರ ಬಾಯಲ್ಲಿ ಪದವೆಂಬುದೇ ಇರಲಿಲ್ಲ, ಪಾಲು ಮಾತ್ರ ಇತ್ತು. ಇನ್ನು ಇವರನ್ನು ತಿದ್ದಲು ಹೊತ್ತಿಲ್ಲ, ಒಟ್ಟಿಗೇ ಹೇಳಿಸಿ ಗದ್ದಲದಲ್ಲಿ ಪಾರಾಗುವುದು ಎಂದು ನಿಶ್ಚಯಿಸಿದೆ. ನಾಲ್ಕು ಬೆಂಚು ತುಂಬಿದ್ದರೆ ಸಾಕು, ಭಗವಂತ.

ಇನ್‌ಸ್ಪೆಕ್ಷನ್ನಿನ ಹಿಂದಿನ ಸಂಜೆ ಜಯಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಮೇಡಮ್ನೋರೆ, ನಾಳೀಕ್ ನಮ್ ಬೆಂಚ್ನೋರ್ ಯಾರೂ ಬರಾಕಿಲ್ಲ. ರಾಗಿ ಕುಯ್ಲು, ಮುಯ್ಯಾಳ್ಗೋಗ್ಬೇಕು" ಎಂದಳು. ಆ ಕಡೆ ಹಳ್ಳಿಗಳಲ್ಲಿ ಕುಯ್ಲಿಗೆ ಕೂಲಿ ಕೊಡುವುದಿಲ್ಲ. ಇವರ ಹೊಲಕ್ಕೆ ಅವರ ಮನೆಯಿಂದ ಆಳು ಬಂದರೆ, ಅವರ ಹೊಲಕ್ಕೆ ಇವರು ಹೋಗಿ ಮುಯ್ಯಿ ತೀರಿಸಬೇಕು. ಸರದಿ ತಪ್ಪಿಸಿದವರ ಮನೆಗೆ ಮುಂದೆ ಯಾರೂ ಕುಡುಗೋಲು ಹಿಡಿದು ಬರುವುದಿಲ್ಲ. "ಒಂದು ದಿನ ಆಮೇಲೆ ಹೋಗಬಾರದೇನೆ? ಯಾರದು ಹೊಲ? ನಾನು ಹೇಳಿ ಕಳಿಸ್ತೀನಿ" ಎಂದು ಬಡಕೊಂಡೆ. ಜಯಮ್ಮ ಸೆರಗಿನ ತುದಿ ಕಚ್ಚಿಕೊಂಡು ನಕ್ಕಳು. "ನಿಮ್ದೇ ಕಣ್ ಮೇಡಮ್ನೋರೆ. ನಂಜವ್ವಾರ ವಲ" ಎಂದಳು.

ಮನೆಗೆ ಹೇಗೆ ಬಂದೆನೋ. ಅತ್ತೆ ಜಗಲಿಯಲ್ಲಿ ಕೂತು ಕುಡುಗೋಲುಗಳಿಗೆ ಸಾಣೆ ಹಿಡಿಯುತ್ತಿದ್ದರು. ನಾನು ಅವರ ಕಾಲ ಬಳಿ ಕೂತು ಎಲ್ಲ ಹೇಳಿದೆ. ಇನ್‌ಸ್ಪೆಕ್ಟರು, ಮಲ್ಲಿಪಟ್ಟಣ, ಷನ್ ಬೆಂಚು. "ಅತ್ತೆಮ್ಮಾ, ಒಂದೇ ಒಂದು ದಿನ ಮುಂದಕ್ಕೆ ಹಾಕಿ" ಎಂದು ಅಂಗಲಾಚಿದೆ. ಅವರು ಕುಡುಗೋಲು ಕೆಳಗಿಟ್ಟರು. "ಅಮ್ಮಿ, ನಾಳೆ ನಮ್ಮನೆ ಸರದಿ. ನಾಳಿದ್ದು ಜಯಮ್ಮನ ಮನೇದು, ಆಚೆ ನಾಳಿದ್ದು ಬ್ಯಾರೇರ್ದು. ನಾನೊಬ್ಳು ಜರುಗುಸುದ್ರೆ ಊರೆಲ್ಲಾ ಜರುಗ್ಬೇಕು. ತೆನೆ ಒಣಗಿ ನಿಂತದೆ, ಉದುರೋದ್ರೆ ಯಾರ್ ಆಯ್ತಾರೆ?" ಎಂದರು. ನನಗೆ ಅಳು ಬಂತು. ಅವರು ಕುಡುಗೋಲನ್ನು ಮತ್ತೆ ಕೈಗೆತ್ತಿಕೊಂಡು, "ಒಂದ್ ಬೆಂಚ್ ಇಲ್ದಿದ್ರೆ ಮಿಕ್ಕಿದ್ ಬೆಂಚ್ನೋರು ಯೋಳಾಕಾಗಾಕಿಲ್ವಾ?" ಎಂದು ಕೇಳಿದರು. ಆಗಾಕಿಲ್ಲ ಎಂಬುದೇ ತಾನೇ ನನ್ನ ಗ್ರಹಚಾರ! ಅತ್ತೆಯ ಮೇಲೆ ಬಂದ ಕೋಪಕ್ಕೆ ಆ ದಿನ ಸಾರಿಗೆ ಉಪ್ಪು ಹಾಕಲಿಲ್ಲ. ಅದನ್ನೂ ಅವರು ಏನೂ ಅನ್ನದೆ ಉಂಡೆದ್ದರು.

ಬೆಳಿಗ್ಗೆ ಸ್ಕೂಲಿಗೆ ಹೋದರೆ ಹಿಂದಿನ ಬೆಂಚು ಬಟಾಬಯಲು. ಮಿಕ್ಕ ಹುಡುಗಿಯರಿಗೆ, "ಇವತ್ತು ಷನ್ ಅನ್ನೋದನ್ನ ಎಲ್ಲರೂ ಸೇರಿ ಹೇಳಬೇಕು, ಗೊತ್ತಾಯಿತಾ?" ಎಂದೆ. ಗೊತ್ತಾಯಿತು ಎಂದರು. ಒಮ್ಮೆ ಹೇಳಿಸಿ ನೋಡಿದೆ. 'ಕಲ್' ಬಂತು, 'ಟಿ' ಬಂತು, 'ವೇ' ಬಂತು. ಆಮೇಲೆ ಎಲ್ಲರೂ ಕತ್ತು ತಿರುಗಿಸಿ ಖಾಲಿ ಬೆಂಚನ್ನು ನೋಡುತ್ತ ಕೂತರು. "ಹೇಳ್ರೇ!" ಎಂದೆ. "ಅದು ಜಯಮ್ಮನೋರ್ದು ಮೇಡಂ, ನಾವ್ ಯೋಳುದ್ರೆ ನಾಳೆ ಬಂದು ಜಗಳ ತೆಗೀತಾರೆ" ಎಂದಳು ಲಲಿತೆ. ಅಷ್ಟರಲ್ಲಿ ಹೊರಗೆ ಜಟಕಾ ನಿಂತ ಸದ್ದಾಯಿತು.

ಇನ್‌ಸ್ಪೆಕ್ಟರು ಅಂದರೆ ಹುಲಿಯ ಹಾಗಿರುತ್ತಾರೆಂದು ಊಹಿಸಿದ್ದೆ. ಇವರು ಕಪ್ಪು ಕೋಟು, ಬಿಳಿ ಪೇಟ, ದಪ್ಪ ಮೀಸೆಯ ಮೆತ್ತನೆಯ ಮನುಷ್ಯ. ಅದು ಇನ್ನೂ ಭಯ. ಹುಲಿಯಾದರೆ ಯಾವಾಗ ಹಾರುತ್ತದೆಂದು ಗೊತ್ತಾಗುತ್ತದೆ. ಅವರಿಗೆಂದು ದೊಡ್ಡ ಮೇಡಂ ಕುರ್ಚಿಯೊಂದಕ್ಕೆ ಹಿಂದಿನ ದಿನ ಹೊಸ ವಾರ್ನಿಷ್ ಹೊಡೆಸಿ ನನ್ನ ಕ್ಲಾಸಿನಲ್ಲಿ ಹಾಕಿಸಿದ್ದರು. ಮಂಜಿನ ಕಾಲ, ಅದು ಒಣಗಿರಲಿಲ್ಲ. ಸಾಹೇಬರು ಕೈಯೂರಿದರು, ಬೆರಳು ಅಂಟಿತು. ಬೆರಳನ್ನೊಮ್ಮೆ, ದೊಡ್ಡ ಮೇಡಂ ಮುಖವನ್ನೊಮ್ಮೆ ನೋಡಿ, "ಪರವಾಗಿಲ್ಲ, ನಾನು ಅಲ್ಲೇ ಕೂತ್ಕೋತೀನಿ" ಎನ್ನುತ್ತ ಹಿಂದಕ್ಕೆ ನಡೆದರು. ಹೋಗಿ ಷನ್ ಬೆಂಚಿನ ಮೇಲೆ ಕೂತರು.

ನಾನು ಬೆತ್ತ ಎತ್ತಿದೆ. ಅದು ನಡುಗುತ್ತಿದ್ದುದರಿಂದ ತಾಳ ತಾನೇ ಬಿತ್ತು. 'ಕಲ್' ಎಂದಿತು ಮೊದಲ ಬೆಂಚು. 'ಟಿ.' 'ವೇ.' ಆಮೇಲೆ ನಿಶ್ಶಬ್ದ. ಕ್ಲಾಸಿಗೆ ಕ್ಲಾಸೇ ಕತ್ತು ತಿರುಗಿಸಿ ಇನ್‌ಸ್ಪೆಕ್ಟರನ್ನು ನೋಡಿತು. ಅವರು ತಮ್ಮ ಹಿಂದೆ ಯಾರಾದರೂ ಇದ್ದಾರೋ ಎಂದು ತಿರುಗಿ ನೋಡಿದರು, ಗೋಡೆ ಇತ್ತು. ನಾನು ಕಣ್ಣು ಮುಚ್ಚಿಕೊಂಡು ಮುಂದಿನ ಪದಕ್ಕೆ ಬೆತ್ತ ಬಡಿದೆ. 'ಇರ್', 'ರಿ', 'ಗೇ', ಮತ್ತೆ ಅದೇ ನಿಶ್ಶಬ್ದ, ಅದೇ ಕತ್ತುಗಳು. ಮಕ್ಕಳ ಮುಖದಲ್ಲಿ ಕೋಪವಿರಲಿಲ್ಲ, ಹೊಸಬನಿಗೆ ಗೊತ್ತಿಲ್ಲ ಎಂಬ ಕನಿಕರವಿತ್ತು. ಮೂರನೆಯ ಪದಕ್ಕೆ 'ಪಾಪ್', 'ಯು', 'ಲೇ' ಆದ ಮೇಲೆ, ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಆಮೇಲೆ ಮೆಲ್ಲಗೆ, ಕಳ್ಳದನಿಯಲ್ಲಿ, "ಷನ್."

ಕ್ಲಾಸು ಹಗುರಾಗಿ ಉಸಿರು ಬಿಟ್ಟಿತು. ನಾಲ್ಕನೆಯ ಪದಕ್ಕೆ ಸಾಹೇಬರ ದನಿ ಗಟ್ಟಿಯಾಯಿತು. ಐದನೆಯದಕ್ಕೆ ಬೂಟುಗಾಲಿನಿಂದ ನೆಲಕ್ಕೆ ತಾಳ ಹಾಕತೊಡಗಿದ್ದರು. ಬಾಗಿಲಲ್ಲಿ ನಿಂತಿದ್ದ ದೊಡ್ಡ ಮೇಡಂ ಗೋಡೆ ಹಿಡಿದುಕೊಂಡರು. ಆಗ ಸಾಹೇಬರಿಗೆ ತಾವು ಯಾರೆಂದು ನೆನಪಾಯಿತೋ ಏನೋ, ಕೋಟು ಸರಿಮಾಡಿಕೊಂಡು, "ಏನಮ್ಮ, ನೀನು ಒಬ್ಬಳೇ ಓದು ನೋಡೋಣ" ಎಂದು ತಮ್ಮ ಮುಂದಿದ್ದ ಲಲಿತೆಯನ್ನು ಎಬ್ಬಿಸಿದರು. ಮುಗಿಯಿತು ಎಂದುಕೊಂಡೆ. ಲಲಿತೆ ಸಣ್ಣ ಪದಗಳನ್ನೆಲ್ಲ ಮುತ್ತು ಪೋಣಿಸಿದ ಹಾಗೆ ಓದುತ್ತ ಬಂದು 'ಎಜುಕೇಷನ್' ಎದುರು ನಿಂತಳು. ಮುಂದಿನ ಬೆಂಚು ತಾನಾಗಿ 'ಎ' ಎಂದಿತು, ಎರಡನೆಯದು 'ಜು' ಎಂದಿತು. ಇವಳು 'ಕೇ' ಎಂದವಳೇ ಹಿಂದಕ್ಕೆ ತಿರುಗಿ, ಬಹಳ ಮರ್ಯಾದೆಯಿಂದ ಸಾಹೇಬರ ಮುಖ ನೋಡಿದಳು. ಅವರು ತಪ್ಪಿಸಿಕೊಳ್ಳಲಿಲ್ಲ.

ಆಮೇಲೆ ದೊಡ್ಡ ಮೇಡಂ ರೂಮಿನಲ್ಲಿ ನನ್ನ ವಿಚಾರಣೆ. "ಈ ಪದ್ಧತಿ ಯಾರದು?" ಎಂದರು ಸಾಹೇಬರು. "ಇವಳದೇ ಸಾರ್, ನಾನು ಆವಾಗಲೇ ಹೇಳಿದ್ದೆ" ಎಂದು ದೊಡ್ಡ ಮೇಡಂ ಒಂದು ಹೆಜ್ಜೆ ದೂರ ಸರಿದರು. ಏನು ಹೇಳಿದ್ದರೋ ಇವತ್ತಿಗೂ ನನಗೆ ಗೊತ್ತಿಲ್ಲ. "ಒಬ್ಬೊಬ್ಬರಾಗಿ ಒಂದು ಪದ ಓದೋಕೆ ಬರಲ್ವಲ್ಲಮ್ಮ ನಿನ್ನ ಮಕ್ಕಳಿಗೆ" ಎಂದರು ಸಾಹೇಬರು. "ಬರುತ್ತೆ ಸಾರ್, ಕಲಿಸ್ತೀನಿ ಸಾರ್, ಭಯ ಹೋಗಲಿ ಅಂತ ಹೀಗೆ ಮಾಡಿದೆ ಸಾರ್" ಎಂದೆ. ಕಣ್ಣಲ್ಲಿ ನೀರು ನಿಂತಿತ್ತು. ಅವರು ಬೆರಳಿಗೆ ಅಂಟಿದ್ದ ವಾರ್ನಿಷನ್ನು ಉಗುರಿನಿಂದ ಕೆರೆಯುತ್ತ, "ಸರಿ, ಈಗ ನಿಂಗೇನಾಗಬೇಕು ಹೇಳು" ಎಂದರು. ಬಾಯಿಬಿಟ್ಟು ಕೇಳಬೇಕಾಗಿದ್ದದ್ದು ಒಂದೇ ಮಾತು. "ನನಗೆ ಸಾರ್, ಕನ್... ಫರ್... ಮೇ..." ಎಂದೆ. ಅಲ್ಲಿಗೆ ನಿಂತೆ. ನಿಂತು, ನನಗೇ ತಿಳಿಯದ ಹಾಗೆ ಕತ್ತು ಹಿಂದಕ್ಕೆ ತಿರುಗಿತು. ಹಿಂದೆ ಭೂಪಟ ಇಡುವ ಬೀರು ಇತ್ತು. ಸಾಹೇಬರು ಎದ್ದು ಕೊಡೆ ಕೈಗೆ ತೆಗೆದುಕೊಂಡರು. ಬಾಗಿಲಿನ ತನಕ ಹೋದವರು, ತಿರುಗದೆಯೇ "ಷನ್" ಎಂದು ಹೇಳಿ ಜಟಕಾ ಹತ್ತಿದರು.

ಅದು ಮಂಜೂರೋ, ಅಥವಾ ಬೆಳಿಗ್ಗೆಯಿಂದ ಹತ್ತಿದ ಚಾಳಿಯೋ? ನಾನೂ ದೊಡ್ಡ ಮೇಡಮ್ಮೂ ಮಧ್ಯಾಹ್ನವೆಲ್ಲ ಇದನ್ನೇ ಅಳೆದೂ ಸುರಿದೂ ಮಾಡಿದೆವು. "ಹೇಳುವಾಗ ನಕ್ಕರೇನೇ?" ಎಂದು ಅವರು ಕೇಳಿದರು. "ಬೆನ್ನು ಮಾಡಿದ್ದರಲ್ಲ ಮೇಡಂ" ಎಂದೆ. ಸಂಜೆ ಅತ್ತೆ ಮೈಯೆಲ್ಲ ರಾಗಿ ಧೂಳು ಮಾಡಿಕೊಂಡು ಬಂದವರು ಕಾಲು ಕೂಡ ತೊಳೆಯದೆ ಮೊದಲು ಕೇಳಿದ್ದು, "ಸಾಯೇಬ್ರು ಏನಂದ್ರಮ್ಮಿ?" ಎಂದು. "ಷನ್ ಅಂದ್ರು." "ಅಂಗಂದ್ರೆ ಒಳ್ಳೇದಾ, ಕೆಟ್ದಾ?" "ಗೊತ್ತಿಲ್ಲ ಅತ್ತೆಮ್ಮ" ಎಂದು ಮತ್ತೆ ಅಳತೊಡಗಿದೆ. ಅವರು ನನ್ನ ಪಕ್ಕದಲ್ಲಿ ಕೂತರು. "ನಿನ್ ಕೆಲ್ಸ ಓಯ್ತು ಅಂದ್ರೆ ನಂಗ್ ಸಂತೋಸ ಅಂದ್ಕಂಡಿದ್ದೀಯಾ? ವಲದಾಗೆ ದಿನಾ ಅದೇ ಯೋಳ್ತೀನಿ, ನನ್ ಸೊಸೆ ಇಂಗ್ಲೀಸ್ ಮೇಡಮ್ಮು ಅಂತ. ಇವತ್ತು ಕುಯ್ಯೋವಾಗೂ ಜಯಮ್ಮುನ್ ಕೈಲಿ ಅದೇನೋ ಷನ್ ಷನ್ ಅಂತ ಕೂಗುಸ್ದೆ, ಇಲ್ಲಿಗಾದ್ರೂ ಕೇಳ್ಲಿ ಅಂತ" ಎಂದರು. ಅವರ ಸಾರಿಗೆ ಉಪ್ಪು ಹಾಕದಿದ್ದ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಒಂದು ತಿಂಗಳು ನಾನು ಪೋಸ್ಟಿನವನನ್ನು ಕಂಡರೆ ಒಳಗೋಡುತ್ತಿದ್ದೆ. ಕೊನೆಗೆ ಒಂದು ದಿನ ಹುಕುಂ ಸ್ಕೂಲಿಗೇ ಬಂತು. ದೊಡ್ಡ ಮೇಡಂ ಸಾವಿನ ಮನೆಯ ದನಿಯಲ್ಲಿ ಓದಿ ಹೇಳಿದರು, "ನೀನು ಇಲ್ಲೇ ಕಾಯಂ." ನಾನು ಅಲ್ಲೇ ಕುಸಿದು ಕೂತೆ, ವಾರ್ನಿಷ್ ಕುರ್ಚಿ ಅಷ್ಟು ಹೊತ್ತಿಗೆ ಒಣಗಿತ್ತು. "ಇನ್ನೂ ಇದೆ ಕೇಳು" ಎಂದರು. ಮುಂದಿನ ತಿಂಗಳು ಅರಕಲಗೂಡಿನಲ್ಲಿ ತಾಲ್ಲೂಕಿನ ಮೇಷ್ಟ್ರುಗಳೆಲ್ಲ ಸೇರುತ್ತಾರಂತೆ. ಅವರೆದುರಿಗೆ ಈ ಪದ್ಧತಿಯ ಮೇಲೆ ನಾನೊಬ್ಬಳೇ ನಿಂತು ಒಂದು ಗಂಟೆ ಇಂಗ್ಲಿಷಿನಲ್ಲಿ ಭಾಷಣ ಮಾಡಬೇಕಂತೆ. ಸಾಹೇಬರ ಅಪ್ಪಣೆ.

ಮನೆಗೆ ಬಂದು ಹೇಳಿದರೆ ಅತ್ತೆಗೆ ಹಿಡಿಸಲಾರದ ಸಂತೋಷ. "ಮತ್ತೆ? ನಿನ್ ಬೆಂಚ್ನಾಗೆ ಕೂತು ಅವ್ರು ಗೇದವ್ರೆ. ನೀನು ಓಗಿ ಒಂದಾಳು ಮುಯ್ಯಿ ತೀರ್ಸಿ ಬರ್ಬ್ಯಾಡ್ವಾ? ನಾನೂ ಬತ್ತೀನಿ ನಡಿ, ಅರಕಲಗೂಡ್ ನೋಡ್ದಂಗೂ ಆಯ್ತದೆ" ಎಂದರು. ನಾನು ಒಳಗೆ ಹೋಗಿ ಒಂದು ಲೋಟ ನೀರು ಕುಡಿದೆ, ಇನ್ನೊಂದು ಲೋಟ ಕುಡಿದೆ. ಆಮೇಲೆ ಹೊರಗೆ ಬಂದು, ಆದಷ್ಟು ಸಹಜವಾದ ದನಿಯಲ್ಲಿ ಕೇಳಿದೆ: "ಅತ್ತೆಮ್ಮಾ, ಆ ಮಲ್ಲಿಪಟ್ಟಣದ ಜಾಗ ಇನ್ನೂ ಖಾಲಿ ಇದ್ದೀತಾ?"